ಅಪ್ಪ ಎತ್ತಿನಂತೆ ಆರಿಸಿದ ಕಾರು

ನಮ್ಮಪ್ಪ ತನ್ನ ಜೀವಮಾನದಲ್ಲಿ ಒಂದೇ ಒಂದು ಕಾರನ್ನೂ ಕೊಂಡವನಲ್ಲ. ಆದರೆ ಎತ್ತು ಆರಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ ಎಂದು ಹೊಂಬಳ ಊರೇ ಒಪ್ಪಿಕೊಂಡಿದೆ. ಊರು ಒಪ್ಪದಿದ್ದರೂ ಅವನಂತೂ ಎಂದೋ ಒಪ್ಪಿಕೊಂಡಿದ್ದಾನೆ. ಹಾಗಾಗಿ ಮಸ್ಕತ್ತಿನಲ್ಲಿ ನನಗೊಂದು ಸಣ್ಣ ಕಾರು ಬೇಕು ಎಂದು ನಾನು ಬಾಯಿಬಿಟ್ಟ ದಿನವೇ, ಅದನ್ನು ಆರಿಸುವ ಕೆಲಸ ತನ್ನದು ಎಂದು ಯಾರನ್ನೂ ಕೇಳದೆ ತೀರ್ಮಾನ ಮಾಡಿಬಿಟ್ಟ.

ನಾನು ಮಸ್ಕತ್ತಿನ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ನರ್ಸ್. ನನ್ನ ಗಂಡ ಮುಂಡರಗಿಯಲ್ಲಿ ಹೈಸ್ಕೂಲ್ ಮಾಸ್ತರು, ಮಗಳು ಅವರ ಹತ್ತಿರವೇ ಇದ್ದು ಓದುತ್ತಾಳೆ. ಎಂಟು ವರ್ಷ ಕ್ಲಿನಿಕ್ಕಿನ ವ್ಯಾನಿನಲ್ಲಿ ಹೋಗಿ ಬಂದು ಕಾಲ ಕಳೆದೆ. ಆಮೇಲೆ ಕ್ಲಿನಿಕ್ಕು ಊರಿನ ಇನ್ನೊಂದು ತುದಿಗೆ ಹೋಯಿತು, ವ್ಯಾನು ನಿಂತಿತು. ಅಲ್ಲಿಯ ಬಿಸಿಲಿನಲ್ಲಿ ಬಸ್ಸಿಗೆ ಕಾಯುವುದೆಂದರೆ ರೊಟ್ಟಿಯ ಹಂಚಿನ ಮೇಲೆ ನಿಂತ ಹಾಗೆ. ಡ್ರೈವಿಂಗ್ ಕಲಿತೆ. ಎರಡು ಸಲ ಪರೀಕ್ಷೆಯಲ್ಲಿ ಬಿದ್ದೆ. ಮೂರನೇ ಸಲ ಪಾಸಾದಾಗ ಮನೆಗೆ ಫೋನು ಮಾಡಿ ಹೇಳಿದೆ. ಅಪ್ಪ "ಹೌದಾ" ಎಂದವನೇ ಫೋನನ್ನು ಅವ್ವನ ಕೈಗೆ ಕೊಟ್ಟ. ನನಗೆ ಸಿಟ್ಟು ಬಂದಿತ್ತು. ನನಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಿಲ್ಲ, ಆದರೆ ಇದಕ್ಕೆ ಕಾರಣವಿತ್ತು.

ಆ ವರ್ಷ ರಜೆಗೆ ಹೊಂಬಳಕ್ಕೆ ಬಂದಾಗ ಕಟ್ಟೆಯ ಮೇಲೆ ಅಪ್ಪನ ಪಕ್ಕ ಕೂತು ಫೋನಿನಲ್ಲಿ ಕಾರುಗಳ ಫೋಟೋ ತೋರಿಸಿದೆ. ಅವನು ಕನ್ನಡಕ ಏರಿಸಿಕೊಂಡು, ಹೆಬ್ಬೆರಳಿನಿಂದ ಒಂದೊಂದನ್ನೇ ಸರಿಸುತ್ತ ಹೋದ. ಅಗಲ ಮೋರೆಯ ಒಂದು ದೊಡ್ಡ ಕಾರು ಬಂತು.

"ಇದು ಮೆರವಣಿಗಿ ಎತ್ತು," ಎಂದ. "ಮೈಮ್ಯಾಲ ಬಣ್ಣದ ಝೂಲಾ ಹೊಚ್ಚಿ ನಿಲ್ಲಸಾಕ ಬೇಷ್ ಐತಿ. ದುಡಿಯಾಕ ಬರೂದಿಲ್ಲ."

"ಇದು?"

"ಇದಕ್ಕ ಕುತಗಿನ ಇಲ್ಲಲ್ಲವ್ವಾ."

"ಅಪ್ಪಾ, ಕಾರಿಗೆಲ್ಲಿ ಕುತಗಿ ಇರತೈತಿ?"

"ಇರತೈತಿ. ನಿನಗ ಕಾಣವಲ್ದು."

ಒಳಗಿನಿಂದ ಅವ್ವ ಕೂಗಿ ಹೇಳಿದಳು: "ಯಾವುದರ ತಗೋ, ಬಿಳೇದ ತಗೋ. ಬಿಸಲಿಗೆ ಕಾಯೂದಿಲ್ಲ." ಆ ಇಡೀ ವ್ಯವಹಾರದಲ್ಲಿ ಒಂದೇ ಸಲಕ್ಕೆ ಎಲ್ಲರೂ ಒಪ್ಪಿದ ಮಾತು ಅದೊಂದೇ.

ಎತ್ತು ಕೊಳ್ಳುವಾಗ ಅಪ್ಪ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ಹಿಂದೆ ಹಿಂದೆ ನಡೆದು ಹೆಜ್ಜೆ ನೋಡುತ್ತಾನೆ. ಅದೆಲ್ಲ ಎಲ್ಲರೂ ಮಾಡುವುದೇ. ಅವನ ಕಸುಬು ಇರುವುದು ಮೂರು ಪ್ರಶ್ನೆಗಳಲ್ಲಿ. ಯಾವ ಕಡೆ ಹೂಡುತ್ತಿದ್ದಿರಿ? ಯಾಕೆ ಮಾರುತ್ತಿದ್ದೀರಿ? ಮುಂಜಾನೆ ಹೇಗೆ ಏಳುತ್ತದೆ? ಮೊದಲನೆಯದು ಊರ ಹೊರಗಿನವರಿಗೆ ತಿಳಿಯಲಿಕ್ಕಿಲ್ಲ. ನೊಗದ ಎಡಕ್ಕೆ ದುಡಿದು ರೂಢಿಯಾದ ಎತ್ತನ್ನು ಬಲಕ್ಕೆ ಹೂಡಿದರೆ ಅದು ದಿಕ್ಕು ತಪ್ಪಿ ಜೊತೆಯ ಎತ್ತನ್ನೂ ಎಳೆದಾಡುತ್ತದೆ. ಅದಕ್ಕೇ ಆ ಪ್ರಶ್ನೆ ಎಲ್ಲಕ್ಕಿಂತ ಮೊದಲು ಬರುತ್ತದೆ. ಅದು ಯಾವಾಗಿನಿಂದ ಮೊದಲನೆಯದಾಯಿತು ಎಂದು ನಾನು ಎಂದೂ ಯೋಚಿಸಿರಲಿಲ್ಲ.

ಫೋಟೋಗಳೆಲ್ಲ ಮುಗಿದ ಮೇಲೆ ಅಪ್ಪ ಕೇಳಿದ: "ಅಲ್ಲಿ ಸ್ಟೇರಿಂಗ್ ಯಾವ ಕಡೆ ಇರತೈತಿ?"

"ಎಡಕ್ಕ. ರಸ್ತಾದಾಗ ಹೋಗೂದು ಬಲಕ್ಕ."

"ಎರಡೂ ಬದಲಿ?"

"ಎರಡೂ."

ಅವನು ಫೋನನ್ನು ನನ್ನ ಮಡಿಲಲ್ಲಿಟ್ಟ. ದನಕ್ಕೆ ನೀರು ಕುಡಿಸಬೇಕು ಎಂದು ಎದ್ದು ಹೋದ. ಅರ್ಧ ತಾಸಿನ ಹಿಂದಷ್ಟೇ ನೀರು ಕುಡಿಸಿದ್ದನ್ನು ನಾನೇ ನೋಡಿದ್ದೆ.

ಅವನು ಎದ್ದು ಹೋದದ್ದು ಯಾಕೆಂದು ನನಗೆ ಗೊತ್ತಿತ್ತು. ಗೊತ್ತಿದೆ ಎಂದು ಆಗ ಅಂದುಕೊಂಡಿದ್ದೆ.

ಮೂವತ್ತು ವರ್ಷದ ಹಿಂದೆ ನಾನು ಏಳನೇ ಇಯತ್ತೆಯಲ್ಲಿ ಓದುತ್ತಿದ್ದೆ. ಶೇಂಗಾ ಕಿತ್ತು ಹೊಲದಲ್ಲಿ ಒಟ್ಟಿದ್ದರು. ಮಧ್ಯಾಹ್ನ ಇದ್ದಕ್ಕಿದ್ದಂತೆ ಮೋಡ ಕವಿಯಿತು. ಅಪ್ಪ ಗಡಿಬಿಡಿಯಲ್ಲಿ ಚಕ್ಕಡಿ ಹೂಡಿದ. ಎತ್ತುಗಳಲ್ಲಿ ಒಂದು ಹಳೆಯದು, ಇನ್ನೊಂದು ಮುಳಗುಂದದಿಂದ ಎರಡು ದಿನದ ಹಿಂದೆ ತಂದದ್ದು. ತಾನು ಉಳಿದ ರಾಶಿಗೆ ತಾಡಪತ್ರಿ ಮುಚ್ಚಲು ನಿಂತು, ಹಗ್ಗ ನನ್ನ ಕೈಗೆ ಕೊಟ್ಟು, "ಹಳ್ಳದ ದಂಡಿ ಹಿಡದ ಸಾವಕಾಶ ಹೋಗವ್ವಾ" ಎಂದ. ನನಗೆ ಆ ಕ್ಷಣ ರಾಜ್ಯ ಸಿಕ್ಕಿದಷ್ಟು ಖುಷಿ. ನನ್ನ ಅಣ್ಣನಿಗೂ ಅಲ್ಲಿಯವರೆಗೆ ಹಗ್ಗ ಕೊಟ್ಟಿರಲಿಲ್ಲ.

ಹಳ್ಳದ ಇಳಿಜಾರಿನಲ್ಲಿ ಎತ್ತುಗಳು ಒಂದೊಂದು ದಿಕ್ಕಿಗೆ ಜಗ್ಗಿದವು. ನಾನು ಹಗ್ಗ ಎಳೆದೆ, ಹೊಸ ಎತ್ತು ಇನ್ನಷ್ಟು ಒತ್ತರಿಸಿತು. ಗಾಲಿ ಜಾರಿ ಚಕ್ಕಡಿ ಹಳ್ಳಕ್ಕೆ ಮಗುಚಿತು. ನಾನು ಶೇಂಗಾ ಬಳ್ಳಿಯ ಮೇಲೆ ಬಿದ್ದೆ, ಮೊಣಕೈ ತರಚಿತು, ಅಷ್ಟೇ. ಹೊಸ ಎತ್ತಿನ ಮುಂಗಾಲಿನ ಕೀಲು ತಪ್ಪಿಹೋಯಿತು. ಅದು ಮತ್ತೆ ನೊಗಕ್ಕೆ ಬರಲಿಲ್ಲ.

ಅಪ್ಪ ಅದನ್ನು ಯಾರಿಗೂ ಮಾರಲಿಲ್ಲ. ಒಂಬತ್ತು ವರ್ಷ ಕಟ್ಟಿ ಮೇಯಿಸಿದ. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನಾಲ್ಕು ದಿನ ಅತ್ತು ಮರೆಯುತ್ತಿದ್ದೆನೇನೋ. ಆದರೆ ಆಮೇಲೆ ನನ್ನ ಕೈಗೆ ಹಗ್ಗ ಕೊಡಲಿಲ್ಲ. ದಿನಾ ಶಾಲೆಗೆ ಹೋಗುವಾಗ ಆ ಎತ್ತು ಕತ್ತು ತಿರುಗಿಸಿ ನನ್ನನ್ನೇ ನೋಡುತ್ತಿತ್ತು. ಗದಗಿನಲ್ಲಿ ನರ್ಸಿಂಗ್ ಓದುವಾಗ ನಾನು ಸ್ಕೂಟಿ ಕಲಿತೆ. ಬಸ್ ಸ್ಟ್ಯಾಂಡಿನಿಂದ ಮನೆಗೆ ಬರುವಾಗ ಅಪ್ಪನಿಗೆ ಹಿಂದೆ ಕೂರು ಎಂದರೆ, "ನಾ ನಡಕೋಂತ ಬರ್ತೇನಿ, ನೀ ಮುಂದ ಹೋಗು" ಎನ್ನುತ್ತಿದ್ದ. ಬಿಸಿಲಲ್ಲಿ ಎರಡು ಮೈಲಿ ನಡೆದಾನು, ನನ್ನ ಹಿಂದೆ ಕೂರಲೊಲ್ಲ. ನ್ಯಾಯವಾಗಿ ಹೇಳಬೇಕೆಂದರೆ, ಬೇರೆಯವರು ಓಡಿಸುವ ಯಾವ ಗಾಡಿಯಲ್ಲೂ ಅವನಿಗೆ ಸಮಾಧಾನವಿಲ್ಲ. ಲಕ್ಷ್ಮೇಶ್ವರದ ಬಸ್ಸಿನಲ್ಲಿ ಕೂತರೆ ಮುಂದಿನ ಸೀಟಿನ ಕಂಬಿ ಗಟ್ಟಿ ಹಿಡಿದು, ಡ್ರೈವರನ ಜೊತೆಗೆ ತಾನೂ ಕಾಲಿನಿಂದ ಬ್ರೇಕು ಒತ್ತುತ್ತ ಹೋಗುತ್ತಾನೆ. ಬಸ್ಸಿಗೆ ಬಸ್ಸೇ ನಿದ್ದೆ ಹೋದರೂ ಇವನು ಕಣ್ಣು ಮುಚ್ಚುವುದಿಲ್ಲ.

ಮಸ್ಕತ್ತಿನಲ್ಲಿ ನಾನು ಎರಡು ಸಲ ಫೇಲಾದದ್ದಕ್ಕೂ ಆ ಹಳ್ಳವೇ ಕಾರಣ. ಇನ್‌ಸ್ಪೆಕ್ಟರು ಇಳಿಜಾರಿನಲ್ಲಿ ಇಳಿಸು ಎಂದರೆ ನಡುವೆಯೇ ಬ್ರೇಕು ಒತ್ತಿ ನಿಂತುಬಿಡುತ್ತಿದ್ದೆ. ಕಾರು ಬೇಕಾಗಿದ್ದದ್ದು ಕ್ಲಿನಿಕ್ಕಿಗೆ ಹೋಗಲು, ಸರಿ. ಆದರೆ ಒಳಗೊಂದು ಆಸೆ ಇತ್ತು. ಒಂದು ಸಲವಾದರೂ ನಮ್ಮಪ್ಪ ನಾನು ಓಡಿಸುವ ಗಾಡಿಯಲ್ಲಿ ನಂಬಿ ಕೂರಬೇಕು. ನಲವತ್ತು ದಾಟಿದವಳಿಗೆ ಇಂಥ ಹುಡುಗಾಟದ ಆಸೆ ಇರಬಾರದು, ಆದರೆ ಇತ್ತು.

ಮಸ್ಕತ್ತಿಗೆ ಮರಳಿ ಶೋರೂಮುಗಳನ್ನು ಸುತ್ತಿ ಕೊನೆಗೆ ಎರಡು ಕಾರುಗಳಿಗೆ ಬಂದು ನಿಂತೆ. ಒಂದೇ ಅಂಗಡಿ, ಎರಡೂ ಸಣ್ಣವು. ಒಂದರಲ್ಲಿ ದೊಡ್ಡ ಪರದೆ, ಚಂದದ ದೀಪ, ಮೆತ್ತನೆ ಸೀಟು. ಇನ್ನೊಂದು ಸಾದಾ. ನೋಡಿದರೆ ಸಾಬೂನಿನ ಡಬ್ಬಿಯ ಹಾಗಿತ್ತು. ನನ್ನ ಮನಸ್ಸು ಚಂದದ್ದರ ಮೇಲಿತ್ತು. ಅಪ್ಪ ವಿಡಿಯೋ ಕಾಲಿನಲ್ಲಿದ್ದ, ಅವನ ಹೆಗಲ ಹಿಂದೆ ನಮ್ಮ ಓಣಿಯ ಅರ್ಧ ಜನ ಇಣುಕುತ್ತಿದ್ದರು. ಮಾರುವವರು ಕೇರಳದವರು, ಬಿಳಿ ಮೀಸೆಯ ಹಿರಿಯರು, ನನ್ನ ಜೊತೆ ಹಿಂದಿಯಲ್ಲಿ ಮಾತಾಡುತ್ತಿದ್ದರು.

"ಯಾಕ ಮಾರಾಕತ್ತಾರ ಕೇಳು," ಎಂದ ಅಪ್ಪ.

"ಅಪ್ಪಾ, ಇದು ಹೊಸಾದು. ಅಂಗಡಿ ಐತಿದು."

"ಅಂಗಡಿ ಇದ್ರೇನಾತು? ಮಾರೋರಿಗೆ ಒಂದು ಕಾರಣ ಇರತೈತಿ. ಕೇಳು ಅಂದ್ನೆಲ್ಲ."

ಓಣಿಯ ಮುಂದೆ ಮರ್ಯಾದೆ ಹೋಗಬಾರದೆಂದು ಕೇಳಿದೆ. ಕೇಳುವಾಗ ನಾಚಿಕೆಯಿಂದ ನೆಲ ನೋಡುತ್ತಿದ್ದೆ. ಆ ಹಿರಿಯರು ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದರು: "ಆ ಚಂದದ್ದನ್ನು ಈ ತಿಂಗಳೊಳಗೆ ಖಾಲಿ ಮಾಡಬೇಕಂತ ಮೇಲಿನವರ ಮಾತು. ಅದರ ಹೊಸ ಮಾದರಿ ಬರುತ್ತಿದೆ. ಈ ಸಾದಾದನ್ನು ನಾನು ಮಾರುವುದೇ ಇಲ್ಲ, ಜನ ತಾವೇ ಬಂದು ಒಯ್ಯುತ್ತಾರೆ. ನನ್ನ ಹೆಂಡತಿ ಆರು ವರ್ಷದಿಂದ ಇದನ್ನೇ ಓಡಿಸುತ್ತಾಳೆ."

ನಾನು ಕನ್ನಡದಲ್ಲಿ ಹೇಳಿದೆ. ಅಪ್ಪ ಓಣಿಯ ಕಡೆ ತಿರುಗಿ ಮೀಸೆಯ ಮೇಲೆ ಕೈಯಾಡಿಸಿದ. "ನೋಡಿದ್ರ್ಯಾ? ಖರೆ ಹೇಳೋ ಮನಶ್ಯಾ. ಸಾದಾದ್ದ ತಗೋ."

ಮೂರನೇ ಪ್ರಶ್ನೆಯೂ ಬಾಕಿ ಇತ್ತು. ಎತ್ತು ಮಲಗಿದಲ್ಲಿಂದ ಏಳುವಾಗ ತಡವರಿಸುತ್ತದೆಯೋ ಎಂದು ನೋಡಲು ಅಪ್ಪ ನಸುಕಿನಲ್ಲೇ ಮಾರುವವರ ಮನೆಗೆ ಹೋಗಿ ನಿಲ್ಲುವವನು. ಮರುದಿನ ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ನಾನು ಅಲ್ಲಿದ್ದೆ. ಇಡೀ ರಾತ್ರಿ ಸುಮ್ಮನೆ ನಿಂತಿದ್ದ ಕಾರು ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. "ಎದ್ದತಿ," ಎಂದ ಅಪ್ಪ ಫೋನಿನೊಳಗಿಂದ, ತೃಪ್ತಿಯಿಂದ.

"ಹಂಗಾರ ಈಗ ಓಡಸ್ತೇನಿ, ನೋಡು. ಈ ಅಂಗಡಿಯವರು ಫೋನ್ ಹಿಡಕೋತಾರ," ಎಂದೆ. ಕಾಲ್ ಕಟ್ಟಾಯಿತು.

ನೆಟ್‌ವರ್ಕ್ ಅಂದುಕೊಂಡೆ. ಕಾರು ಕೈಗೆ ಬಂದ ದಿನ ಕುಂಕುಮ ಹಚ್ಚಿ, ನಾಲ್ಕು ಗಾಲಿಗೂ ನಿಂಬೆಹಣ್ಣಿಟ್ಟು, ಪೂಜೆಯನ್ನೆಲ್ಲ ಫೋನಿನಲ್ಲಿ ಅಪ್ಪ ಅವ್ವ ಇಬ್ಬರಿಗೂ ತೋರಿಸಿದೆ. "ಈಗ ನಿಂಬಿಹಣ್ಣ ಹಾಯಸ್ತೇನಿ" ಎಂದು ಬ್ರೇಕು ಬಿಡುವಷ್ಟರಲ್ಲಿ ಮತ್ತೆ ಕಟ್ಟಾಯಿತು. ಕಾರು ಮುಂದೆ ಹೋಗಿ ನಿಂಬೆಹಣ್ಣು ಪಚಕ್ಕೆಂದದ್ದನ್ನು ನಾನೊಬ್ಬಳೇ ಕೇಳಿದೆ. ಅಲ್ಲೇ ನಿಲ್ಲಿಸಿ ಅಪ್ಪನಿಗೆ ಫೋನು ಮಾಡಿದೆ.

"ನೆಟ್‌ವರ್ಕ್ ಅಲ್ಲ, ನೀನ ಬಂದ್ ಮಾಡ್ತಿ," ಎಂದು ಕೂಗಿದೆ. "ಮೂವತ್ತ ವರ್ಷ ಆತು ಅಪ್ಪಾ. ಒಂದ ಎತ್ತಿನ ಸಲವಾಗಿ ಇನ್ನೂ ನನ್ನ ನಂಬೂದಿಲ್ಲೇನ ನೀನು?"

ಆ ಕಡೆ ಟ್ರ್ಯಾಕ್ಟರೊಂದು ಹಾದುಹೋದ ಸಪ್ಪಳ. ಅಪ್ಪ ಎದ್ದು ಬಾಗಿಲು ಮುಂದೆ ಮಾಡಿಕೊಂಡದ್ದು ಕೇಳಿಸಿತು.

"ನಿನ್ನ ತಪ್ಪಲ್ಲವ್ವಾ ಅದು," ಎಂದ. "ಆ ಎತ್ತು ಬಲಕ್ಕ ದುಡದಿದ್ದು. ನಾ ಎಡಕ್ಕ ಹೂಡಿ ನಿನ್ನ ಕೈಯಾಗ ಹಗ್ಗಾ ಕೊಟ್ಟೆ. ಮುಳಗುಂದದಾಂವಗ ಯಾಕ ಮಾರ್ತಿ ಅಂತ ಕೇಳಿದ್ದೆ. ಯಾವ ಕಡೆ ಹೂಡತಿದ್ದಿ ಅಂತ ಕೇಳಿದ್ದಿಲ್ಲ. ಆಮ್ಯಾಲೆ ಹೋಗಿ ಕೇಳಿದೆ, ಹೇಳಿದ."

ನಾನು ಇಂಜಿನ್ ಆರಿಸಿದೆ. ಅಪ್ಪನೇ ಮುಂದುವರಿಸಿದ.

"ನೀ ಹಗ್ಗಾ ಹಿಡದ್ರ ಆ ಹಳ್ಳನ ಕಣ್ಣ ಮುಂದ ಬರತೈತಿ. ಅದಕ್ಕ ನೋಡೂದಿಲ್ಲ."

"ಮತ್ತ ಇಷ್ಟ ವರ್ಷ ಯಾಕ ಹೇಳಲಿಲ್ಲ?"

"ಹೆಂಗ ಹೇಳಲೆವ್ವಾ? ಎತ್ತಿನಾಗ ಶ್ಯಾಣ್ಯಾ ಅಂತಾರ ಊರಾಗ ನನಗ."

ಸ್ಟೇರಿಂಗಿನ ಮೇಲೆ ಹಣೆಯಿಟ್ಟು ಅತ್ತೆ. ಅಳು ಮುಗಿದ ಮೇಲೆ ಸಿಟ್ಟು ಬಂತು. ಊರಲ್ಲಿ ಶ್ಯಾಣ್ಯಾ, ಜಾಣ ಅನ್ನಿಸಿಕೊಳ್ಳಲು ನನ್ನನ್ನು ಮೂವತ್ತು ವರ್ಷ ಹಳ್ಳದಲ್ಲೇ ಬಿಟ್ಟಿದ್ದನಲ್ಲ! ನಾಲ್ಕು ದಿನ ಫೋನು ಮಾಡಲಿಲ್ಲ. ಆದರೆ ಆ ನಾಲ್ಕು ದಿನ ಕ್ಲಿನಿಕ್ಕಿಗೆ ಹೋಗುವಾಗ ಇಳಿಜಾರಿನಲ್ಲಿ ಒಮ್ಮೆಯೂ ನಡುವೆ ಬ್ರೇಕು ಒತ್ತಿ ನಿಲ್ಲಲಿಲ್ಲ. ಐದನೇ ದಿನ ಅವನೇ ಫೋನು ಮಾಡಿದ.

"ಮೇವು ಎಷ್ಟ ತಿಂತೈತಿ ಅದು?"

ಲೀಟರಿಗೆ ಎಷ್ಟು ಓಡುತ್ತದೆಂದು ಹೇಳಿದೆ. "ಬೇಷ್ ಆತು," ಎಂದ. ನಮ್ಮಿಬ್ಬರ ನಡುವೆ ರಾಜಿಯಾದದ್ದು ಹೀಗೆ.

ಚಳಿಗಾಲದಲ್ಲಿ ಅಪ್ಪ ಅವ್ವ ಇಬ್ಬರೂ ಒಂದು ತಿಂಗಳ ಮಟ್ಟಿಗೆ ಮಸ್ಕತ್ತಿಗೆ ಬಂದರು. ಒಂದು ಚೀಲದ ತುಂಬ ಕಡಕ್ ರೊಟ್ಟಿ, ಅದಕ್ಕೆ ನೆಂಚಿಕೊಳ್ಳಲು ಶೇಂಗಾ ಹಿಂಡಿ. ವಿಮಾನ ನಿಲ್ದಾಣದ ಹೊರಗೆ ಅಪ್ಪ ಮೊದಲು ಕಾರನ್ನು ಒಂದು ಸುತ್ತು ಹಾಕಿದ. ಹಿಂಭಾಗವನ್ನು ಎರಡು ಸಲ ತಟ್ಟಿದ. ಆಮೇಲೆ ಅವ್ವನನ್ನು ಹಿಂದೆ ಕೂರಿಸಿ, ತಾನು ಯಾರೂ ಹೇಳದೆ ಮುಂದೆ ನನ್ನ ಪಕ್ಕ ಬಂದು ಕೂತ. ಸೀಟ್ ಬೆಲ್ಟ್ ಹಾಕಿದಾಗ, "ನನಗೂ ಮೂಗದಾಣಾ ಹಾಕಿದಿ ಬಿಡು" ಎಂದ. ನಗು ಬರಲಿಲ್ಲ ಇಬ್ಬರಿಗೂ. ಅವನ ಬಲಗೈ ಬಾಗಿಲ ಮೇಲಿನ ಹಿಡಿಕೆಯನ್ನು ಬಿಗಿಯಾಗಿ ಹಿಡಿದಿತ್ತು. ಕಾಲು ಆಗಲೇ ಬ್ರೇಕು ಒತ್ತುತ್ತಿತ್ತು.

ನಾನು ಮಾಡುವುದನ್ನೆಲ್ಲ ಬಾಯಿಬಿಟ್ಟು ಹೇಳುತ್ತ ಹೋದೆ. "ಅಪ್ಪಾ, ಈಗ ವೃತ್ತ ಬರತೈತಿ. ಗಾಡಿ ಎಡಗಡಿಂದ ಬರ್ತಾವು, ಅವನ್ನ ಮೊದಲ ಬಿಡಬೇಕು."

"ಹೂಂ."

"ಈಗ ನಾವು ಹೋಗೂದು. ಈಗ ಬಲಕ್ಕ."

"ಹೂಂ."

"ಇನ್ನ ಮ್ಯಾಲ ಸೀದಾ ರಸ್ತಾ. ಸಾವಕಾಶನ ಹೋಗ್ತೇನಿ."

ಹೂಂ ಎನ್ನಲಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ತಿರುಗಿ ನೋಡಿದೆ. ಹಿಡಿಕೆಯ ಮೇಲಿದ್ದ ಕೈ ಜಾರಿ ತೊಡೆಯ ಮೇಲೆ ಬಿದ್ದಿತ್ತು. ತಲೆ ಕಿಟಕಿಗೆ ವಾಲಿತ್ತು. ಬಾಯಿ ಸ್ವಲ್ಪ ತೆರೆದಿತ್ತು.

ಹಿಂದಿನಿಂದ ಅವ್ವ ಬಗ್ಗಿ ನೋಡಿದಳು. "ಯವ್ವಾ! ನಿಮ್ಮಪ್ಪ ಮಲಗ್ಯಾನಲ್ಲ!" ಎಂದು ಪಿಸುಗುಟ್ಟಿದಳು. ಆಮೇಲೆ, "ಎಬ್ಬಸಬ್ಯಾಡ" ಎಂದಳು.

ನಮ್ಮ ಮನೆಯ ತಿರುವು ಬಂತು. ನಾನು ತಿರುಗಿಸಲಿಲ್ಲ. ಅವನಿಗೆ ತಾನಾಗಿ ಎಚ್ಚರಾಗುವವರೆಗೆ ಓಡಿಸುತ್ತಲೇ ಇದ್ದೆ.