ಪದ್ದುವಿನ ಚೊಚ್ಚಲು

ಮದುವೆಯಾಗಿ ಆರು ವರ್ಷದ ಮೇಲೆ ಹೆಂಡತಿ ಬಸುರಾದಾಗ ಬೀಜಾಡಿಯ ಮಂಜನ ಸಂಭ್ರಮ ನೋಡಿ ಜೊತೆಯಲ್ಲಿ ರಂಪಣಿ ಬಲೆ ಎಳೆಯುವವರೆಲ್ಲ ನಗುತ್ತಿದ್ದರು. ಮೊದಲಿಂದಲೂ ಮಾತು ಕಡಿಮೆಯ ಆಳು ಅವನು. ಹಗ್ಗ ಹಿಡಿದರೆ ಹಗ್ಗ, ಊಟಕ್ಕೆ ಕೂತರೆ ಊಟ. ಅಂಥವನು ಈಗ ದಂಡೆಯ ಮೇಲೆ ಎದುರು ಸಿಕ್ಕವರನ್ನೆಲ್ಲ ನಿಲ್ಲಿಸಿ, "ನಮ್ಮನಿ ಹೆಣ್ಣಿಗೆ ಒಂಬತ್ತ್ ತುಂಬುಕಾಯ್ತ್" ಅನ್ನುತ್ತಿದ್ದ. ಕೇಳಿದವರೂ ಕೇಳದವರೂ ತಲೆಯಾಡಿಸಿ ಮುಂದೆ ಹೋಗುತ್ತಿದ್ದರು.

ಅದು ಅರವತ್ಮೂರನೆಯ ಇಸವಿ, ದೀಪಾವಳಿ ಕಳೆದ ಹೊಸತು. ಬಂಗಡೆ ಹೇರಳವಾಗಿ ಬೀಳುವ ಕಾಲ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕೆಂದು ಪದ್ದುವನ್ನು ಅವಳ ತಾಯಿ ಬೆಳ್ಳಿ ಕೋಟದ ಪಡುಕರೆಗೆ ಕರೆದುಕೊಂಡು ಹೋಗಿದ್ದಳು. ಬಲೆ ಬಿಡದ ದಿನ ಮಂಜ ಮೀನಿನ ಕುಕ್ಕೆ ಹಿಡಿದು, ಕಡಲ ದಂಡೆಯಲ್ಲೇ ತೆಂಕಕ್ಕೆ ನಡೆದು ಅತ್ತೆ ಮನೆ ಸೇರುತ್ತಿದ್ದ. ಪದ್ದು ಜಗಲಿಯ ಕಂಬಕ್ಕೆ ಒರಗಿ, ಊದಿದ ಕಾಲು ಚಾಚಿ ಕೂತಿರುತ್ತಿದ್ದಳು. ಬೆಳ್ಳಿ ಒಳಗೆ ಹೋದದ್ದೇ ತಡ, ಗಂಡನ ಕೈ ಹಿಡಿದು ಹೊಟ್ಟೆಯ ಮೇಲಿಡುತ್ತಿದ್ದಳು.

"ಇಗಣಿ, ಒದಿತಿತ್ತ್. ಗೊತ್ತಾತ್ತಾ?"

"ಇದ್ ಒದಿಯೂದಲ್ಲ ಮಾರಾಯ್ತಿ, ಹುಟ್ ಹಾಕೂದ್," ಎಂದು ಮಂಜ ನಗುತ್ತಿದ್ದ. "ದೋಣಿಗೊಂದ್ ಜನ ಸಿಕ್ತ್."

"ಹೆಣ್ಣಾರೆ?"

"ಹೆಣ್ಣಾರೆ ನಿನ್ನಂಗೆ ನನ್ನ ಜೋರ್ ಮಾಡ್ಕಂಡ್ ಇರತ್."

ಹೀಗಿರುವಾಗ ಒಂದು ಬೆಳಿಗ್ಗೆ ಕೋಟದ ಕಡೆಯಿಂದ ನರ್ಸ್ ವನಜಮ್ಮ ಬಂದರು. ಬಸುರಿಯರಿರುವ ಮನೆಗಳನ್ನು ಸುತ್ತಿ ನೋಡಿ ಹೋಗುವುದು ಅವರ ಕೆಲಸ. ಮಂಜನೂ ಅಂದು ಅಲ್ಲೇ ಇದ್ದ. ಮರದ ಕೊಳವೆಯನ್ನು ಪದ್ದುವಿನ ಹೊಟ್ಟೆಗೆ ಇಟ್ಟು, ಇನ್ನೊಂದು ತುದಿಗೆ ಕಿವಿ ಹಚ್ಚಿ ಅವರು ಕೇಳಿದರು. ಜಾಗ ಬದಲಿಸಿ ಮತ್ತೆ ಕೇಳಿದರು. ಬೆಳ್ಳಿಗೆ ಕೋಳಿಗಳನ್ನು ಅಟ್ಟಲು ಹೇಳಿ, ಸದ್ದಡಗಿದ ಮೇಲೆ ಇನ್ನೊಮ್ಮೆ ಕೇಳಿದರು. ಆಮೇಲೆ ಏಳುತ್ತ, "ಎಂತ ಇಲ್ಲೆ, ಒಂದ್ಸಲ ಕುಂದಾಪುರದಲ್ಲಿ ಡಾಕ್ಟ್ರಮ್ಮನಿಗೆ ತೋರ್ಸಿ ಬನ್ನಿ," ಎಂದರು. ಅಂಗಳ ದಾಟಿ ಬೇಲಿಯ ತಡಮೆಯ ಹತ್ತಿರ ಮಂಜನನ್ನು ಕರೆದು ತಗ್ಗಿದ ಸ್ವರದಲ್ಲಿ, "ಇವತ್ತೇ ಕರ್ಕಂಡ್ ಹೋಗಿ. ನಂಗೆ ಮಗುವಿನ ಎದೆಬಡಿತ ಸಿಕ್ಲಿಲ್ಲೆ," ಎಂದರು.

ಗಂಡ ಹೆಂಡತಿ ಇಬ್ಬರೇ ಕೋಟದಲ್ಲಿ ಬಸ್ಸು ಹತ್ತಿದರು. ಕುಂದಾಪುರದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಪದ್ದುವನ್ನು ತುಂಬ ಹೊತ್ತು ನೋಡಿ, ಮಂಜನೊಬ್ಬನನ್ನೇ ಒಳಗೆ ಕರೆದರು. ಮಗು ಹೊಟ್ಟೆಯಲ್ಲೇ ತೀರಿಕೊಂಡಿದೆ. ಈಗ ಕೊಯ್ದು ತೆಗೆಯುವುದು ತಾಯಿಯ ಜೀವಕ್ಕೆ ಅಪಾಯ. ನೋವು ತಾನಾಗಿ ಬರುತ್ತದೆ, ಅಲ್ಲಿಯವರೆಗೆ ಕಾಯಬೇಕು, ಬಂದ ಕೂಡಲೇ ಕರೆತರಬೇಕು. ಇಷ್ಟು ಹೇಳಿ ಅವರು, "ಅವಳಿಗೆ ನಾನು ಹೇಳಲಾ, ನೀನೇ ಹೇಳ್ತೀಯಾ?" ಎಂದು ಕೇಳಿದರು.

"ನಾನೇ ಹೇಳ್ತೆ," ಎಂದ ಮಂಜ.

ಹೊರಗೆ ಬೆಂಚಿನ ಮೇಲೆ ಕೂತಿದ್ದ ಪದ್ದು ಅವನ ಮುಖ ನೋಡಿ, "ಎಂತ ಅಂದ್ರ್?" ಎಂದಳು.

"ಎಂತ ಇಲ್ಲೆ. ರಕ್ತ ಕಡಿಮಿ ಅಂಬ್ರ್."

ಅವಳು ಬೆಂಚಿನಿಂದ ಎದ್ದು ಸೆರಗು ಸರಿಮಾಡಿಕೊಂಡಳು. ಆಮೇಲೆ, "ಹಸುವಾತ್ತ್. ಬನ್ಸ್ ತಿಂಬ," ಎಂದಳು. ಬಸ್ಸು ನಿಲ್ಲುವಲ್ಲಿನ ಹೋಟೆಲಿನಲ್ಲಿ ಅವಳು ಬನ್ಸನ್ನು ಚೂರು ಚೂರು ಮುರಿದು ತಿಂದಳು. ಮಂಜ ಎದುರು ಕೂತು ಚಾ ಲೋಟ ಹಿಡಿದೇ ಇದ್ದ. ತಿಂದು ಮುಗಿಸಲಿ, ಆಮೇಲೆ ಹೇಳುವ ಅಂದುಕೊಂಡ. ಬಸ್ಸು ಹತ್ತಿದ ಮೇಲೆ, ಇಳಿದು ನಡೆಯುವಾಗ ಹೇಳುವ ಅಂದುಕೊಂಡ. ಮನೆ ಬಂತು.

ಅವನು ಬೀಜಾಡಿಗೆ ಹೋಗದೆ ಅಲ್ಲೇ ಉಳಿದ. ಬಲೆಗೆ ಹೋಗದ ಅಳಿಯನನ್ನು ಕಂಡು ನೆರೆಯ ಹೆಂಗಸರು, "ಹ್ವಾಯ್, ನಿಮ್ಗೇ ನೋವ್ ಬಂದ್ರೆ ಎಂತ ಮಾಡೂದ್?" ಎಂದು ತಮಾಷೆ ಮಾಡಿದರು. ಬೆಳ್ಳಿ ಹಳೆಯ ಸೀರೆಗಳನ್ನು ಒಗೆದು, ಮಗುವಿಗೆಂದು ಹರಿದು, ಅಂಗಳದ ಹಗ್ಗದ ಮೇಲೆ ಸಾಲಾಗಿ ಒಣಗಲು ಹಾಕಿದಳು. ಬಾಳಂತಿಗೆಂದು ಒಬ್ಬಳು ಬೆಲ್ಲ ತಂದಳು, ಇನ್ನೊಬ್ಬಳು ಕಾಳುಮೆಣಸು ತಂದಳು. ಅವರೆಲ್ಲ ಪದ್ದುವಿನ ಹೊಟ್ಟೆ ನೋಡಿ ಗಂಡೋ ಹೆಣ್ಣೋ ಎಂದು ವಾದಿಸುವಾಗ ಮಂಜನಿಗೆ ಕೂರಲಾಗುತ್ತಿರಲಿಲ್ಲ. ಎದ್ದು ಕಡಲ ಕಡೆ ಹೋಗುತ್ತಿದ್ದ. ತಿರುಗಿ ಬಂದು ನೋಡಿದರೆ ಪದ್ದು ಅವರ ಮಾತಿಗೆಲ್ಲ ಹೂಂಗುಟ್ಟುತ್ತ ಕೂತಿರುತ್ತಿದ್ದಳು. ಅವನ ಕೈಯನ್ನು ಅವಳು ಹೊಟ್ಟೆಯ ಮೇಲಿಡುವುದನ್ನು ಬಿಟ್ಟಿದ್ದಾಳೆಂಬುದು ಅವನಿಗೆ ಹೊಳೆಯಲು ಒಂದೆರಡು ದಿನವೇ ಹಿಡಿಯಿತು.

ಒಂದು ಮಧ್ಯಾಹ್ನ ಬೆಳ್ಳಿ ಮೀನು ಮಾರಲು ಹೋಗಿದ್ದಳು. ಪದ್ದು ಒಣಗಿದ ಬಟ್ಟೆಗಳನ್ನು ತೆಗೆದು ತೊಡೆಯ ಮೇಲಿಟ್ಟು ಮಡಿಚುತ್ತಿದ್ದಳು. ಮಂಜ ಹತ್ತಿರ ಬಂದು ಕೂತ.

"ಪದ್ದು, ನಿನ್ ಹತ್ರ ಒಂದ್ ಹೇಳ್ಕ್..."

"ಬ್ಯಾಡ," ಎಂದಳು ಅವಳು, ಬಟ್ಟೆಯಿಂದ ಕಣ್ಣೆತ್ತದೆ. "ನಂಗೊತ್ತಿತ್ತ್."

ಮಂಜ ತಟ್ಟನೆ ಅವಳ ಕಡೆ ತಿರುಗಿದ.

"ನರ್ಸಮ್ಮ ಬಪ್ಪುಕ್ ಮುಂಚೆಯೇ ಮಿಸ್ಕಾಟ ನಿಂತಿತ್ತ್. ನಿದ್ರಿ ಮಾಡ್ತಿತ್ತ್ ಅಂದ್ಕಂಡೆ. ಬೆಲ್ಲದ ನೀರ್ ಕುಡ್ದೆ, ಎಡಕ್ಕೆ ಮನಿಕಂಡೆ, ಎದ್ದ್ ನಡ್ದೆ." ಬಟ್ಟೆಯ ಅಂಚನ್ನು ಅವಳು ಒತ್ತಿ ಒತ್ತಿ ಸರಿಮಾಡಿದಳು. "ನಾಕ್ ಜನ್ರ ಎದ್ರಿಗೆ ನನ್ ಮೈ ಮುಟ್ಟದವ್ರ್ ನೀವ್. ಬಸ್ಸಲ್ಲಿ ಕೋಟ ಬಪ್ಪೊರಿಗೂ ನನ್ ಕೈ ಬಿಡ್ಲೇ ಇಲ್ಲೆ. ಆಗ ಹೌದ್ ಅಂತ ಆಯ್ತ್."

"ಮತ್ತೆ ಎಂತಕ್ಕೆ ಹೇಳ್ಲಿಲ್ಲೆ?"

"ಬಾಯ್ ಬಿಟ್ಟ್ ಹೇಳ್ರೆ ಮುಗ್ದೇ ಹೋತ್ತಲೆ."

ಮಂಜನೂ ಒಂದು ಬಟ್ಟೆ ತೆಗೆದುಕೊಂಡು ಮಡಿಚತೊಡಗಿದ. ಕಡಲು ತನ್ನ ಪಾಡಿಗೆ ಮೊರೆಯುತ್ತಿತ್ತು. ಕೊನೆಗೆ ಪದ್ದುವೇ ತಾಯಿಯ ಮಾತೆತ್ತಿದಳು. "ಅಬ್ಬಿಗೆ ಈಗ್ಲೇ ಹೇಳ್ಬೇಡಿ. ಇನ್ನೊಂದ್, ಹುಟ್ಟಿದ್ ಮೇಲೆ ನಂಗೆ ತೋರ್ಸ್ಕ್. ಯಾರ್ ಬ್ಯಾಡ ಅಂದ್ರೂ ತೋರ್ಸ್ಕ್."

"ತೋರ್ಸ್ತೆ," ಎಂದ ಮಂಜ.

ನೋವು ಬಂದದ್ದು ಆ ವಾರವೇ, ಒಂದು ಬೆಳಿಗ್ಗೆ ಗಂಜಿ ಕುಡಿಯುವ ಹೊತ್ತಿಗೆ. ಪದ್ದುವಿನ ಸೋದರಮಾವ ಚಂದಯ್ಯ ಓಡಿಹೋಗಿ ಬಾಡಿಗೆ ಕಾರು ತಂದ. ದಾರಿಯಲ್ಲಿ ಮಂಜ ನಿಜ ಸಂಗತಿ ಹೇಳಿದಾಗ ಬೆಳ್ಳಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಮಧ್ಯಾಹ್ನ ಇಳಿಯುವಾಗ ಹೆರಿಗೆಯಾಯಿತು. ಹೆಣ್ಣು. ಕೋಣೆಯಿಂದ ಪದ್ದುವಿನ ನರಳಾಟ ನಿಂತ ಮೇಲೆ ಇನ್ನೊಂದು ಸ್ವರ ಕೇಳಿಸಲಿಲ್ಲ.

ಆಯಾ ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಹೊರಗೆ ತಂದಾಗ ಚಂದಯ್ಯ ಕೈ ನೀಡಿದ. "ಹೊತ್ತ್ ಮುಳುಗುಕ್ ಮುಂಚೆ ಊರಿಗೆ ಹೋಪ. ಅವ್ಳಿಗೆ ತೋರ್ಸೂದ್ ಬ್ಯಾಡ. ಕಂಡ್ರೆ ಅದೇ ಮನ್ಸಿಗ್ ಹಿಡಿತ್ತ್, ಮುಂದಿನ ಬಸ್ರಿಗೂ ಕೇಡ್." ಬೆಳ್ಳಿಯೂ ಅಳುತ್ತಲೇ ತಲೆಯಾಡಿಸಿದಳು. ಮಾವನ ಎದುರು ಮಂಜ ಆವರೆಗೆ ಕುರ್ಚಿಯಲ್ಲೂ ಕೂತವನಲ್ಲ.

"ಮಾವ, ನಾನ್ ಅವ್ಳಿಗೆ ಮಾತ್ ಕೊಟ್ಟಿದೆ," ಎಂದು ಮಗುವನ್ನು ತನ್ನ ಕೈಗೆ ತೆಗೆದುಕೊಂಡ. "ನೀವ್ ಆಮೇಲೆ ಎಷ್ಟ್ ಬೇಕಾರೂ ಬೈನಿ."

ಪದ್ದು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅವನು ಪಕ್ಕದಲ್ಲಿ ಕೂತು ಬಟ್ಟೆ ಸರಿಸಿದ. ಅವಳು ತಿರುಗಿ ನೋಡಿದಳು. ತಲೆ ತುಂಬ ಕೂದಲು, ಮುಚ್ಚಿದ ಕಣ್ಣು. ಮಡಿಚಿಕೊಂಡಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ತನ್ನ ಬೆರಳನ್ನು ನಡುವೆ ಇಟ್ಟಳು. ಕಿವಿಯ ಅಂಚನ್ನು ಸವರಿ, "ಕೆಮಿ ನಿಮ್ದೇ ಕಾಣಿ," ಎಂದಳು. ಆಮೇಲೆ ಎಷ್ಟೋ ಹೊತ್ತಿಗೆ, "ತಣ್ಣಗಿತ್ತ್. ಇನ್ನೊಂದ್ ಬಟ್ಟಿ ಸುತ್ತಿ," ಎಂದಳು. ಮಂಜ ಸುತ್ತಿದ.

ಸಂಜೆ ಪಡುಕರೆಯ ಹಿತ್ತಲಿನಲ್ಲಿ, ತೆಂಗಿನ ಮರದ ಬುಡದಲ್ಲಿ, ಚಂದಯ್ಯನೇ ಹೊಂಡ ತೋಡಿದ. ಅವನು ಒಂದು ಮಾತೂ ಬೈಯಲಿಲ್ಲ.

ಪದ್ದು ಆಸ್ಪತ್ರೆಯಲ್ಲಿರುವಾಗಲೇ ಅವಳಿಗೆ ಹಾಲು ಇಳಿಯಿತು. ಎದೆ ಕಲ್ಲಿನಂತಾಗಿ ಜ್ವರ ಬಂತು. ಎದೆಗೆ ಮಲ್ಲಿಗೆ ಹೂ ಕಟ್ಟಿದರೆ ಹಾಲು ಬತ್ತುತ್ತದೆ ಎಂದು ಬೆಳ್ಳಿ ಅಳಿಯನನ್ನು ಪೇಟೆಗೆ ಅಟ್ಟಿದಳು. ಹೂವಿನವಳು ಬಾಳೆಲೆಯಲ್ಲಿ ಹೂ ಸುತ್ತುತ್ತ, "ಇಷ್ಟೆಲ್ಲ ಮಲ್ಲಿಗೆ! ಮನೆಲ್ ಎಂತ ವಿಶೇಷ?" ಎಂದಳು. ಮಂಜ ಚಿಲ್ಲರೆ ಎಣಿಸಿ ಕೊಟ್ಟ. ಪೊಟ್ಟಣ ಹಿಡಿದು ಬಿಸಿಲಲ್ಲಿ ನಡೆದ. ಆಮೇಲೆ ಅವನು ಹೆಂಡತಿಯ ಮುಡಿಗೆಂದು ಮಲ್ಲಿಗೆ ತಂದದ್ದಿಲ್ಲ. ಅವಳೂ ಕೇಳಲಿಲ್ಲ.

ಪದ್ದು ಮತ್ತೆ ಬಸುರಾಗಲು ನಾಲ್ಕು ವರ್ಷ ಬೇಕಾಯಿತು. ಈ ಸಲ ಮಂಜ ಯಾರಿಗೂ ಹೇಳಲಿಲ್ಲ. ಬೆಳ್ಳಿ ಸೀರೆ ಹರಿಯಲು ಹೊರಟರೆ ಪದ್ದು ಬೇಡವೆಂದಳು. ಕೊನೆಯ ತಿಂಗಳುಗಳಲ್ಲಿ ಗಂಡ ಹೆಂಡತಿ ಮಗುವಿನ ಸುದ್ದಿಯನ್ನೇ ಎತ್ತದೆ, ಗಾಳಿ, ಮೀನು, ಮಳೆ ಎಂದು ಏನೇನೋ ಮಾತಾಡಿಕೊಂಡು ದಿನ ನೂಕಿದರು. ಅದೇ ಆಸ್ಪತ್ರೆ. ಮಂಜ ಜಗಲಿಯಲ್ಲಿ ಕೂತಿದ್ದಾಗ ಒಳಗಿಂದ ಮಗು ಕಿರುಚಿ ಅಳುವುದು ಕೇಳಿಸಿತು.

"ಗಂಡ್! ಬನ್ನಿ, ಕಾಣಿ!" ಎಂದು ಬೆಳ್ಳಿ ಬಾಗಿಲಿಗೆ ಬಂದು ಕೂಗಿದಳು.

ಮಂಜ ಏಳಲಿಲ್ಲ. ಮೊಣಕಾಲಿಗೆ ಮುಖ ಒತ್ತಿಕೊಂಡು, ಆ ಹೆಣ್ಣು ಮಗುವಿಗೆ ಇದುವರೆಗೂ ಒಂದು ಹನಿಯೂ ಹಾಕದವನು, ದೊಡ್ಡ ಸ್ವರ ತೆಗೆದು ಅತ್ತ. "ಖುಷಿಗೂ ಮರ್ಕ್ತ್ರಾ ಮಾರಾಯ್ರೆ," ಎಂದು ಬೆಳ್ಳಿ ನಕ್ಕು ಒಳಗೆ ಹೋದಳು. ಒಳಗೆ ಮಲಗಿದ್ದ ಪದ್ದುವಿಗೆ ಆ ಅಳು ಕೇಳಿಸಿತು. ಮಗನನ್ನು ಎದೆಗವಚಿಕೊಂಡು ಅವಳು ಅಂದಿನಂತೆ ಗೋಡೆಯ ಕಡೆ ತಿರುಗಿದಳು.