ದನಿ ಹೋದ ಹೂಜಿ

ಆ ಮನೆಯ ಮುಂದೆ ಹೋಗುವಾಗ ಕೆಮ್ಮು ಬಂದರೂ ತಡೆದುಕೊಳ್ಳಬೇಕು, ಇಲ್ಲದಿದ್ದರೆ ಒಳಗೆ ಏನಾದರೊಂದು ಬಿರುಕು ಬಿಟ್ಟೀತು ಎಂದು ನೆರೆಯವರು ಆಡಿಕೊಳ್ಳುತ್ತಿದ್ದರು. ಅಲ್ಲಿ ಬೆಕ್ಕು ಕೂಡ ಉಸಿರು ಬಿಗಿಹಿಡಿದು ಓಡಾಡುತ್ತದಂತೆ ಎಂಬುದು ಎದುರುಮನೆಯ ಮೇಸ್ತ್ರಿಯ ಮಾತು. ಮನೆಯಾಕೆಗೆ ಇಡೀ ಬೀದಿ ಸೇರಿ ಇಟ್ಟ ಹೆಸರು ಠಿಣ್ ಅಕ್ಕ.

ಅಕ್ಕ ಟೆಲಿಫೋನ್ ಕಚೇರಿಯಲ್ಲಿ ಆಪರೇಟರ್ ಆಗಿದ್ದವರು. ಕಿವಿಗೆ ಯಂತ್ರ ಸಿಕ್ಕಿಸಿಕೊಂಡು, ಯಾರದೋ ಮಾತನ್ನು ಯಾರಿಗೋ ಜೋಡಿಸುತ್ತಲೇ ತಲೆ ನರೆಯಿತು. ಮದುವೆಯ ಗೋಜಿಗೆ ಹೋಗಲಿಲ್ಲ. ಆ ಕಡೆಯವರು ಹಲೋ ಎನ್ನುವಷ್ಟರಲ್ಲಿ ಅವರಿಗೆ ನೆಗಡಿಯೋ ಸಿಟ್ಟೋ ಎಂದು ಹೇಳಬಲ್ಲವರಾಗಿದ್ದರು. ನಿವೃತ್ತಿಯ ದಿನ ಜೊತೆಯವರು ಹಸಿರು ಗಾಜಿನ ಹೂದಾನಿ ಕೊಟ್ಟರು. ಒಂಟಿಯಾಗಿ ನಿಂತಿದೆಯಲ್ಲ ಎಂದು ಅಕ್ಕ ಇನ್ನೊಂದು ತಂದರು. ಆಮೇಲೆ ಕೇಳಬೇಕೆ, ಅಡುಗೆ ಪಾತ್ರೆಗಳೆಲ್ಲ ಕಪಾಟು ಬಿಟ್ಟುಕೊಟ್ಟು ನೆಲಕ್ಕಿಳಿದವು.

ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯ ಮಹಡಿಯಲ್ಲಿ ಗಾಜು ಸಂಗ್ರಹಿಸುವವರ ಸಂಘ ತಿಂಗಳಿಗೊಮ್ಮೆ ಸೇರುತ್ತಿತ್ತು. ಅಂಗಡಿಯವರೇ ಅಧ್ಯಕ್ಷರು. ಮೇಜಿಗೆ ಕಂಬಳಿ ಹಾಸಿ, ಒಬ್ಬೊಬ್ಬರು ತಂದದ್ದನ್ನು ಬೋರಲು ಹಾಕಿ ಅಡಿ ನೋಡುವರು. ಒಳಗಿನ ಗುಳ್ಳೆ ಮಾಡಿದವನ ತಪ್ಪೋ ಕೈಚಳಕವೋ ಎಂದು ಚಹಾ ಆರುವತನಕ ವಾದಿಸುವರು. ಉಂಗುರ ಬಳೆ ಕಳಚಿಟ್ಟು, ಬೋಗುಣಿಯ ತಳಕ್ಕೆ ಟವೆಲ್ ಹಾಸಿ, ಉಗುರುಬೆಚ್ಚಗಿನ ನೀರಲ್ಲಿ ಎಲ್ಲವನ್ನೂ ತೊಳೆಯುವರು. ಒಬ್ಬರ ತಟ್ಟೆಯ ಮೇಲೆ ಇನ್ನೊಬ್ಬರಿಗೆ ಆಸೆಯಿದ್ದರೆ, ಇಬ್ಬರೂ ಆಸೆಯೇ ಇಲ್ಲದವರ ಹಾಗೆ ಕಿಟಕಿಯ ಹೊರಗೆ ನೋಡುತ್ತ ಅದಲುಬದಲು ಮಾಡಿಕೊಳ್ಳುವರು. ವರ್ಷಕ್ಕೊಮ್ಮೆ ಗ್ರಂಥಾಲಯದ ಹಾಲಿನಲ್ಲಿ ಪ್ರದರ್ಶನ.

ಅಲ್ಲಿ ಒಂದು ಕಟ್ಟುನಿಟ್ಟಿತ್ತು. "ಒಡೆದಿದೆ" ಎಂಬ ಮಾತನ್ನು ಯಾರೂ ಆಡುವಂತಿಲ್ಲ. ಕಣ್ಣಿಗೆ ಕಾಣದ ಬಿರುಕಿದ್ದರೆ "ದನಿ ಹೋಗಿದೆ" ಅನ್ನಬೇಕು. ದನಿ ಹೋದದ್ದಕ್ಕೆ ಪ್ರದರ್ಶನದಲ್ಲಿ ಜಾಗವಿಲ್ಲ. ದನಿ ನೋಡುವವರು ಅಕ್ಕ. ಗಾಜಿನ ಬುಡ ಹಿಡಿದೆತ್ತಿ, ಅಂಚಿಗೆ ಉಗುರಿನಿಂದ ಒಂದು ಚಿಟಿಕೆ. ಠಿಣ್ ಎಂದರೆ ಒಳಗೆ, ಠಪ್ ಎಂದರೆ ಮನೆಗೆ. ಅವರ ಮಾತಿಗೆ ಎರಡನೆಯ ಮಾತಿರಲಿಲ್ಲ.

ಆ ವರ್ಷ ಯಾಕೋ ಸಾಲುಸಾಲಾಗಿ ದನಿ ಹೋಗತೊಡಗಿತು. ಊರಿನ ಗಾಜಿಗೆಲ್ಲ ಗಂಟಲು ಕಟ್ಟಿದೆ ಎಂದು ಅಧ್ಯಕ್ಷರು ನಗೆಯಾಡಿದರು. ಸಂಘಕ್ಕೆ ಹೊಸದಾಗಿ ಸೇರಿದ್ದ ಟೈಲರ್ ತನ್ನ ತಾಯಿ ಬಿಟ್ಟುಹೋದ ನೀಲಿ ಹೂಜಿಯನ್ನು ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ತಂದಿದ್ದ. ಅಕ್ಕ ಚಿಟಿಕೆ ಹೊಡೆದರು. ಇನ್ನೊಮ್ಮೆ ಹೊಡೆದರು.

"ಇದರ ದನಿ ಹೋಗಿದೆಯಪ್ಪ," ಎಂದರು.

ಟೈಲರ್ ಸುತ್ತ ನೋಡಿದ. ಎಲ್ಲರೂ ಕಂಬಳಿಯ ನೂಲು ಎಣಿಸುವವರ ಹಾಗೆ ತಲೆ ತಗ್ಗಿಸಿದ್ದರು. ಅವನು ಹೂಜಿಯನ್ನು ಸುತ್ತಿಕೊಂಡು ಹೋದ. ಮುಂದಿನ ತಿಂಗಳು ಬರಲಿಲ್ಲ.

ಅದೇ ಹೊತ್ತಿಗೆ ಅಕ್ಕನ ತಂಗಿಯ ಮಗಳು ಒಂದು ದಿನ ಬಾಗಿಲಲ್ಲಿ ನಿಂತು ಬೆಲ್ ಒತ್ತಿ ಒತ್ತಿ ಸೋತಳು. ಮೇಸ್ತ್ರಿ ಎದುರಿನಿಂದ ಬಂದು ಕಿಟಕಿಯಲ್ಲಿ ಕೈಬೀಸಿದ ಮೇಲೆಯೇ ಅಕ್ಕ ಪೇಪರಿನಿಂದ ತಲೆಯೆತ್ತಿದ್ದು. ಬೆಲ್ ಕೆಟ್ಟಿದೆ ಎಂದು ಅಕ್ಕ ಸಾಧಿಸಿದರು. ಕೆಟ್ಟ ಬೆಲ್ ಇರುವ ಮನೆಯಲ್ಲಿ ಒಬ್ಬರೇ ಇರುವುದು ಬೇಡ, ನಮ್ಮ ಮನೆಗೇ ಬನ್ನಿ ಎಂದು ಅವಳೂ ಪಟ್ಟು ಹಿಡಿದಳು. ಕೊನೆಗೆ ಅಕ್ಕ ಒಪ್ಪಿದರು. ಅಲ್ಲಿನ ಕೋಣೆಯ ಕಿಟಕಿ ಗಿಡ್ಡ. ಪರದೆ ಕತ್ತರಿಸಲು ಕೊಡಬೇಕೆಂದು ಇಬ್ಬರೂ ಟೈಲರನ ಅಂಗಡಿಗೆ ಹೋದರು.

ಹೊಲಿಗೆ ಯಂತ್ರದ ಪಕ್ಕದಲ್ಲಿ ನೀಲಿ ಹೂಜಿ ನಿಂತಿತ್ತು. ಒಳಗೆ ಸೀಮೆಸುಣ್ಣ, ಅಳತೆ ಟೇಪು. ಟೈಲರ್ ಪರದೆ ಕತ್ತರಿಸಿ, ಕತ್ತರಿಯನ್ನು ಹೂಜಿಯೊಳಗೆ ಹಾಕಿದ.

"ದೊಡ್ಡಮ್ಮ, ಎಷ್ಟು ಚೆನ್ನಾಗಿದೆ ನೋಡಿ ಸದ್ದು. ದೂರದಲ್ಲಿ ಗಂಟೆ ಹೊಡೆದ ಹಾಗೆ," ಎಂದಳು ತಂಗಿಯ ಮಗಳು.

ಅಕ್ಕನಿಗೆ ಏನೂ ಕೇಳಿಸಿರಲಿಲ್ಲ. ಟೈಲರ್ ಪರದೆ ಮಡಿಚಿ ಕೊಟ್ಟಾಗಲೂ ಅವರು ಹೂಜಿಯನ್ನೇ ನೋಡುತ್ತಿದ್ದರು.

ಮನೆ ಬಿಡಲು ಇನ್ನು ಕೆಲವೇ ದಿನ. ಸುಮ್ಮನಿದ್ದುಬಿಟ್ಟರೆ ಕಿವಿ ಅಂದರೆ ಅಕ್ಕನ ಕಿವಿ ಎಂಬ ಹೆಸರು ಸಂಘದಲ್ಲಿ ಉಳಿಯುತ್ತಿತ್ತು. ಹೂಜಿ ಸೀಮೆಸುಣ್ಣ ಹೊತ್ತುಕೊಂಡು ಅಲ್ಲೇ ಇರುತ್ತಿತ್ತು. ಅಕ್ಕ ಎರಡನ್ನೂ ತೂಗಿ ನೋಡಿದರು. ಅನ್ನ ಸೇರಲಿಲ್ಲ.

ಸದಸ್ಯರು ಮನೆ ಖಾಲಿ ಮಾಡಿದರೆ ಗಾಜು ಕಟ್ಟಿಕೊಡುವುದು ಸಂಘದ ಕೆಲಸ. ಎಲ್ಲರೂ ಬಂದರು. ಅಕ್ಕ ಹೇಳಿಕಳಿಸಿದ್ದರಿಂದ ಟೈಲರ್ ಕೂಡ ಚಿಂದಿಬಟ್ಟೆಯ ಚೀಲ ಹೊತ್ತು ಬಂದ. ಪೆಟ್ಟಿಗೆಗಳು ಅರ್ಧ ತುಂಬಿದಾಗ ಅಕ್ಕ ನಡುಮನೆಯಲ್ಲಿ ನಿಂತರು.

"ನಿನ್ನ ಹೂಜಿ ಸರಿಯಾಗೇ ಇದೆ ಕಣಪ್ಪ. ದನಿ ಹೋಗಿರೋದು ನನ್ನ ಕಿವೀದು. ಈ ವರ್ಷ ನಾನು ವಾಪಸ್ ಕಳಿಸಿದ್ದೆಲ್ಲ ಇನ್ನೊಂದ್ಸಲ ನೋಡ್ಬೇಕು."

ಅಧ್ಯಕ್ಷರು ಕೈಯಲ್ಲಿದ್ದ ಕಾಗದ ಕೆಳಗಿಟ್ಟರು. "ಅವತ್ತು ನಂಗೆ ಕೇಳಿಸಿತ್ತು ಅಕ್ಕಾವ್ರೇ. ಠಿಣ್ ಅಂತ. ನೀವು ಇಲ್ಲ ಅಂದ್ರಲ್ಲ, ನನ್ನ ಕಿವೀನೇ ಕೆಟ್ಟಿರ್ಬೇಕು ಅಂದ್ಕೊಂಡೆ."

ತನಗೂ ಹಾಗೇ ಅನಿಸಿತ್ತೆಂದು ಒಬ್ಬರು, ತಾನು ಕಿವಿ ಡಾಕ್ಟರ ಹತ್ತಿರ ಹೋಗಿ ಬಂದದ್ದೂ ಆಯಿತೆಂದು ಇನ್ನೊಬ್ಬರು. ಎಲ್ಲರಿಗೂ ಕೇಳಿಸಿತ್ತು. ಒಬ್ಬರೂ ಬಾಯಿ ಬಿಟ್ಟಿರಲಿಲ್ಲ.

ಟೈಲರ್ ಕಟ್ಟುತ್ತಿದ್ದ ಗಂಟನ್ನು ಬಿಗಿದು ಮುಗಿಸಿದ. "ಸರಿಯಾಗಿತ್ತು ಅನ್ನಿ. ಈಗ ಕತ್ತರಿ ತಾಗಿ ಅಂಚಲ್ಲಿ ಚೂರು ಹಾರಿದೆ," ಎಂದ.

ಅಕ್ಕ ಕುರ್ಚಿ ಹುಡುಕಿ ಕುಳಿತರು. ತಪ್ಪಾಯ್ತು ಎಂದರು. ಅವನು ಇನ್ನೊಂದು ಹೂದಾನಿ ಎತ್ತಿಕೊಂಡು ಸುತ್ತತೊಡಗಿದ.

"ಚೂರು ಹಾರಿದ್ರೆ ಹಾರ್ಲಿ ಬಿಡಪ್ಪ," ಎಂದರು ಅಧ್ಯಕ್ಷರು. "ನಮ್ಮ ನಿಯಮ ದನಿಗೆ, ಮುಖಕ್ಕಲ್ಲ. ಮುಖ ನೋಡೋದಾಗಿದ್ರೆ ನನ್ನನ್ನೇ ಯಾರೂ ಒಳಗೆ ಬಿಡ್ತಿರಲಿಲ್ಲ. ಪ್ರದರ್ಶನದಲ್ಲಿ ಮುಂದಿನ ಸಾಲಲ್ಲೇ ಇಡೋಣ."

ಟೈಲರ್ ನಕ್ಕದ್ದು ಸ್ವಲ್ಪ ತಡವಾಗಿ. ಚಿಂದಿಬಟ್ಟೆ ಸಾಲದೇ ಹೋದಾಗ, ಅಂಗಡಿಗೆ ಹೋಗಿ ಇನ್ನೊಂದು ಚೀಲ ತಂದ.

ಗಾಡಿ ಬಂತು. ಪೆಟ್ಟಿಗೆಗಳು ಹೋದವು. ಅಕ್ಕ ಬೀಗ ಹಾಕಿ, ತಂಗಿಯ ಮಗಳ ಕಾರಿನಲ್ಲಿ ಕುಳಿತರು. ಮೆಟ್ಟಿಲ ಮೇಲೆ ನಿಂತಿದ್ದ ಮೇಸ್ತ್ರಿಯ ಹೆಂಡತಿಯ ತುಟಿ ಅಲುಗಿತು. ಇಷ್ಟು ದಿನ ಹೀಗಾದಾಗೆಲ್ಲ ಅಕ್ಕ ನಕ್ಕು ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ಈಗ ಬಾಗಿಲು ತೆಗೆದು ಇಳಿದು, ಅವಳ ಹತ್ತಿರ ಹೋದರು.

"ನಂಗೆ ಕೇಳಿಸ್ಲಿಲ್ಲಮ್ಮ. ಇನ್ನೊಂದ್ಸಲ ಹೇಳು."

"ಹಿತ್ತಲ ನಲ್ಲಿ ಬಿಟ್ಟು ಬಂದಿದೀರಿ ಅಕ್ಕ, ನೀರು ಬೀದಿ ಮೋರೀಗೆ ಹರೀತಿದೆ."

ಅಕ್ಕ ಬೀಗ ತೆಗೆದು ಒಳಗೆ ಹೋದರು. ಬರಿಗೋಡೆಗಳ ನಡುವೆ ನಡೆದು ನಲ್ಲಿ ನಿಲ್ಲಿಸಿದರು. ನಿಂತಿತೋ ಇಲ್ಲವೋ ಎಂದು ಬೆರಳಿಟ್ಟು ನೋಡಿದರು. ಆಮೇಲೆ ಒದ್ದೆ ಕೈಯಲ್ಲೇ ಬಾಗಿಲು ಎಳೆದುಕೊಂಡು ಹೊರಗೆ ಬಂದರು.