ರೂತಕ್ಕ ಮೊದಲು ಕೇಳಬೇಕೆಂದ ಧ್ವನಿ

ರೂತಕ್ಕಾ, ಬೆಳೆ ಹಬ್ಬದ ದಿನ ಚರ್ಚಿನ ಅಂಗಳದಲ್ಲಿ ನಾನು ಅಣಕಿಸಿದ್ದು ದೊಡ್ಡವ್ವನನ್ನಲ್ಲ. ನಿನ್ನನ್ನು.

ಬರೆದುಬಿಟ್ಟೆ. ಊರವರ ಗಂಟಲೆಲ್ಲ ನನ್ನದೇ ಎಂದು ಮೆರೆಯುವವನು ಈಗ ಸ್ವಂತ ಮಾತಿಗೆ ಹಾಳೆ ಹಿಡಿದು ಕೂತಿದ್ದೇನೆ.

ಅವತ್ತು ಚರ್ಚಿಗೆ ಕಾಣಿಕೆ ಬಂದ ಕುಂಬಳಕಾಯಿಗಳ ಹರಾಜು ಮುಗಿದಿತ್ತು. ಹರಾಜು ಕೂಗಿದ ಮಾಮಾನನ್ನು ಅಣಕಿಸಿದೆ, ಪಾಸ್ಟರರನ್ನು ಅಣಕಿಸಿದೆ, ಗಣಿತದಲ್ಲಿ ಎರಡು ಸಲ ಫೇಲಾದ ನನ್ನನ್ನೂ ಬಿಡಲಿಲ್ಲ. ಜನ ಇನ್ನೊಂದು ಬೇಕೆಂದರು. ಹದಿನಾಲ್ಕನೇ ವಯಸ್ಸಿನ ಜ್ವರದಲ್ಲಿ ನಿನ್ನ ಕಿವಿ ಹೋದ ಮೇಲೆ ನಿನ್ನ ಮಾತು ಎಲ್ಲಿ ಏರುತ್ತದೆ, ಎಲ್ಲಿ ಕುಸಿಯುತ್ತದೆ — ನಿನಗೇ ಗೊತ್ತಿಲ್ಲದ್ದು ನನಗೆ ಬಾಯಿಪಾಠ. ಮಾಡಿದೆ. ಒಂದು ಕ್ಷಣ ಯಾರೂ ನಗಲಿಲ್ಲ. ಆಮೇಲೆ ಒಬ್ಬ ನಕ್ಕ, ಎಲ್ಲರೂ ನಕ್ಕರು. ಮುಂದಿನ ಸಾಲಿನಲ್ಲಿದ್ದ ನೀನು ಸುತ್ತ ನೋಡಿ, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ.

“ಯಾರ್ದೋ ಅದು, ಸ್ಯಾಮ್ಯಾ?”

ನಿನ್ನ ಅಂಗೈ ಮೇಲೆ ಬೆರಳಿನಿಂದ ಬರೆದೆ — ದೊಡ್ಡವ್ವ.

ಅಷ್ಟಕ್ಕೇ ನಿಂತಿದ್ದರೆ… ಮನೆಗೆ ಬಂದವರ ಮುಂದೆಲ್ಲ ನೀನೇ, “ದೊಡ್ಡವ್ವನ್ನ ಮಾಡಿ ತೋರ್ಸೋ,” ಅನ್ನುತ್ತಿದ್ದೆ. ನಾನು ಮಾಡುತ್ತಿದ್ದೆ. ಅವ್ವ ಎದ್ದು ಅಡಿಗೆಮನೆಗೆ ಹೋಗುತ್ತಿದ್ದಳು.

ಈಗ ನಿನ್ನ ಕಿವಿಯ ಹಿಂದಿನ ಆಪರೇಶನ್ ಹೊಲಿಗೆ ಮಾಯ್ದಿದೆ. ಒಳಗೆ, ನರದ ಹತ್ತಿರ, ತಂತಿ ಕೂತಿದೆ. ಸೋಮವಾರ ಹೊರಗಿನ ಯಂತ್ರ ಜೋಡಿಸಿ ಚಾಲೂ ಮಾಡುತ್ತಾರೆ; ಆಮೇಲೆ ನಿನಗೆ ಮತ್ತೆ ಕೇಳಿಸತೊಡಗುತ್ತದೆ.

“ಮೊದಮೊದಲ ಎಲ್ಲಾ ಗರಗರ ಅನ್ನಸ್ತೈತ್ರಿ. ಗೊತ್ತಿದ್ದವರ ಧ್ವನಿಯಿಂದ ಶುರು ಮಾಡ್ರಿ,” ಎಂದರು ಆಸ್ಪತ್ರೆಯ ಮೇಡಂ. ಅದನ್ನು ಚೀಟಿಯಲ್ಲಿ ಬರೆದು ತೋರಿಸಿದವನೂ ನಾನೇ. ಓದಿ ನೀನು ಕುಣಿದಾಡಿದೆ.

“ಹಂಗಾರ ಮೊದಲ ದೊಡ್ಡವ್ವನ್ನ ಮಾಡೋ! ಇಷ್ಟ್ ವರ್ಷ ಬರೇ ನಿನ್ನ ಮಾರಿ ನೋಡಿ ನಕ್ಕೇನಿ. ಒಮ್ಮೆರ ಕೇಳಿ ನಗಬೇಕು.”

ನಿಜವಾದ ದೊಡ್ಡವ್ವನ ಧ್ವನಿ ಮಾಡಿ ಪಾರಾಗೋಣವೆಂದು ಉಣಕಲ್ ಕೆರೆ ದಂಡೆಯಲ್ಲಿ ನಿಂತು ಅಭ್ಯಾಸ ಕೂಡ ಮಾಡಿದೆ — ಅಷ್ಟು ನೀಚ ನಾನು. ಆದರೆ ದೊಡ್ಡವ್ವ ಬರಲಿಲ್ಲ. ಬಾಯಿ ತೆರೆದಾಗಲೆಲ್ಲ ನೀನೇ ಬಂದೆ.

ಒಂದಲ್ಲ ಒಂದು ದಿನ ನಿನ್ನ ಧ್ವನಿ ನಿನಗೇ ಕೇಳಿಸುತ್ತದೆ. ಜನ ನಕ್ಕದ್ದು ಯಾವುದಕ್ಕೆಂದು ಆಗ ತಿಳಿಯುತ್ತದೆ. ಕಿವಿ ಹೋದಾಗಲೂ ನಿಲ್ಲಿಸದ ಮಾತನ್ನು ಕಿವಿ ಬಂದ ಮೇಲೆ ನೀನು ನಿಲ್ಲಿಸಿಬಿಟ್ಟರೆ — ನನ್ನಿಂದ —

ಸೋಮವಾರದವರೆಗೆ ಕಾಯುವುದಿಲ್ಲ. ಈ ಹಾಳೆ ಇವತ್ತೇ ಕೊಡುತ್ತೇನೆ. ಓದಿ ಮುಗಿಯುವವರೆಗೆ ಎದುರಿಗೇ ಕೂತಿರುತ್ತೇನೆ. ಬಯ್ಯಿ. ಎಷ್ಟು ಜೋರಾಗಿ ಬೇಕಾದರೂ ಬಯ್ಯಿ. ಸುಮ್ಮನಾಗುವುದೊಂದು ಬೇಡ, ಅಕ್ಕಾ.